‘ಸೈಜ್ ಮಾಡಿದ’ ಎರಕದ ಗುಂಡು ಎಂದು ನಂಬಿ ಕೊಳ್ಳುವ ಮುನ್ನ ಒಮ್ಮೆ ಅಳೆಯಿರಿ

ಪಿಸ್ತೂಲಿಗೆ ತಾವೇ ಕಾರ್ಟ್ರಿಜ್ (ಕೇಸ್ ಎಂಬ ಹಿತ್ತಾಳೆಯ ಕೊಳವೆ, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಸೇರಿದ ತೋಟಾ) ರೀಲೋಡ್ ಮಾಡಿಕೊಳ್ಳುವವರು, ಅಂದರೆ ಬಳಸಿದ ಕೇಸನ್ನು ಮತ್ತೆ ತುಂಬಿಕೊಳ್ಳುವವರು, ಅದರಲ್ಲೂ ಸೀಸದ ಎರಕದ ಗುಂಡುಗಳನ್ನು ಬೇರೆಯವರಿಂದ ತರಿಸಿಕೊಳ್ಳುವವರು, ದಯವಿಟ್ಟು ಇದನ್ನು ಓದಬೇಕು. ಹದಿನಾಲ್ಕು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನಾನು ನಿನ್ನೆ ಮೊನ್ನೆ ರೀಲೋಡಿಂಗ್ ಪ್ರೆಸ್ ಕೊಂಡವನಂತೆ ಮೋಸಹೋದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಗುಂಡು ಮಾರಿದವನು ಇನ್ನೂ ಅದೇ ಮಾತು ಹೇಳಿ ಅದೇ ಸರಕನ್ನು ಮಾರುತ್ತಿದ್ದಾನೆ.

ನಾನು ಕೊಂಡದ್ದು 9 ಎಂಎಂ ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿಗೆಂದು 500 ಗುಂಡು. ‘ಗಟ್ಟಿ ಮಿಶ್ರಲೋಹ, 9.04 ಮಿ.ಮೀ.ಗೆ ಸೈಜ್ ಮಾಡಲಾಗಿದೆ, ಯಾವ ಪಿಸ್ತೂಲಿನಲ್ಲಾದರೂ ಸಲೀಸಾಗಿ ಓಡುತ್ತದೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಸೈಜ್ ಮಾಡುವುದೆಂದರೆ ಎರಕದ ಗುಂಡನ್ನು ‘ಡೈ’ ಎಂಬ ಲೋಹದ ಬಳೆಯೊಳಗಿಂದ ತೂರಿಸಿ ನಿಗದಿತ ಅಳತೆಗೆ ತರುವುದು. ಬ್ಯಾರೆಲ್ಲಿನ ಒಳಗಿನ ಸುರುಳಿ ಗೀರುಗಳ (ರೈಫ್ಲಿಂಗ್) ತಳದ ಅಳತೆ ಸಾಮಾನ್ಯವಾಗಿ 9.02 ಮಿ.ಮೀ. ಇರುವುದರಿಂದ ಸೀಸದ ಗುಂಡು ಅದಕ್ಕಿಂತ ಕೂದಲೆಳೆಯಷ್ಟು ದಪ್ಪವಿರಬೇಕು. ಹೀಗಾಗಿ ಆ ಅಂಕಿಯನ್ನು ನೋಡಿ ನನಗೆ ಅನುಮಾನವೇ ಬರಲಿಲ್ಲ. ಅಳೆಯಲಿಲ್ಲ. ಮೈಕ್ರೋಮೀಟರ್ ಅದೇ ಮೇಜಿನ ಮೇಲೆ, ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಆದರೂ ಅಳೆಯಲಿಲ್ಲ. ಕುಳಿತ ಕಡೆಯಲ್ಲೇ 300 ಕಾರ್ಟ್ರಿಜ್ ಮುಗಿಸಿದೆ.

ರೇಂಜಿನಲ್ಲಿ ಮೂರನೆಯದಕ್ಕೇ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜರುಗುವ ಭಾಗ) ಪೂರ್ತಿ ಮುಂದೆ ಹೋಗದೆ ಎರಡು ಮೂರು ಮಿ.ಮೀ. ಹಿಂದೆ ನಿಂತಿತು. ಅಂಗೈಯಿಂದ ತಟ್ಟಿದಾಗ ಮುಚ್ಚಿತು. ಐದನೆಯದು ತಟ್ಟಿದರೂ ಮುಚ್ಚಲಿಲ್ಲ, ಎಳೆದರೂ ಹಿಂದಕ್ಕೆ ಬರಲಿಲ್ಲ. ಕೊನೆಗೆ ರೇಂಜಿನ ಮೇಲ್ವಿಚಾರಕರು ಬಂದು ಬಿಡಿಸಬೇಕಾಯಿತು. ಪಕ್ಕದ ಲೇನಿನವರೆಲ್ಲ ಬಂದೂಕು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

ಮಾರಿದವನಿಗೆ ಬರೆದೆ. ‘ಸರ್, ನಿಮ್ಮ ರಿಕಾಯಿಲ್ ಸ್ಪ್ರಿಂಗ್ ಸೋತಿದೆ’ ಎಂದ. ಸ್ಲೈಡನ್ನು ಮುಂದಕ್ಕೆ ತಳ್ಳುವ ಆ ಸ್ಪ್ರಿಂಗನ್ನು ಹೊಸದು ಹಾಕಿದೆ. ‘ಹಾಗಾದರೆ ಮ್ಯಾಗಜೀನಿನ ತುಟಿ ಅಗಲವಾಗಿರಬೇಕು’ ಎಂದ. ಹೊಸ ಮ್ಯಾಗಜೀನ್ ತಂದೆ. ‘ನೀವು ಕೈ ಬಿಗಿಯಾಗಿ ಹಿಡಿಯುತ್ತಿಲ್ಲ’ ಎಂದ. ಹದಿನಾಲ್ಕು ವರ್ಷಗಳ ಬಳಿಕ ಈ ಮಾತನ್ನೂ ಕೇಳಿಸಿಕೊಂಡೆ. ಕಾರ್ಖಾನೆಯ 50 ಕಾರ್ಟ್ರಿಜ್ ಒಂದೂ ತಡೆಯದೆ ಓಡಿದವು ಎಂದು ತಿಳಿಸಿದಾಗ ಬಂದ ಉತ್ತರ: ‘ಕಾರ್ಖಾನೆಯದಕ್ಕೂ ಎರಕದ್ದಕ್ಕೂ ಹೋಲಿಸಬಾರದು ಸರ್, ಎರಕದ್ದನ್ನು ಅರ್ಥ ಮಾಡಿಕೊಳ್ಳಬೇಕು.’

ಅರ್ಥ ಮಾಡಿಕೊಳ್ಳಲೆಂದೇ ಆತ ಹೇಳಿದ ನಾಲ್ಕನೆಯ ಉಪಾಯವನ್ನೂ ಮಾಡಿದೆ. ಕೇಸಿನ ಬಾಯನ್ನು ಬಿಗಿಸುವ ಕೊನೆಯ ಕ್ರಿಂಪ್ ಡೈಯ ಗಟ್ಟಿ ಕಾರ್ಬೈಡ್ ಬಳೆಯೊಳಗೆ, ಒಂದೆರಡು ಕಾರ್ಟ್ರಿಜ್ ಬಿಟ್ಟು ಉಳಿದವನ್ನೆಲ್ಲ ಮತ್ತೊಮ್ಮೆ ಹಿಂಡಿದೆ. ಸ್ಲೈಡ್ ಮುಚ್ಚಿತು! ನಾನು ಆತನಿಗೆ ಧನ್ಯವಾದ ಬರೆದೆ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಹೆಚ್ಚು ನಾಚಿಕೆ ತರುವುದು ಆ ಧನ್ಯವಾದ.

ಏಕೆಂದರೆ ಗುರಿಹಾಳೆಯಲ್ಲಿ ದುಂಡನೆಯ ತೂತುಗಳಿರಲಿಲ್ಲ, ಗುಂಡು ಅಡ್ಡಡ್ಡ ತಿರುಗಿ ಹೊಕ್ಕ ಉದ್ದನೆಯ ಸೀಳುಗಳಿದ್ದವು, ಮತ್ತು ಬ್ಯಾರೆಲ್ಲಿನ ಒಳಗೆ ಗೀರುಗಳೇ ಕಾಣದಷ್ಟು ಸೀಸ ಮೆತ್ತಿಕೊಂಡಿತ್ತು. ಒಂದನ್ನು ಬಿಚ್ಚಿ ನೋಡಿದರೆ ಗುಂಡು 9.00 ಮಿ.ಮೀ.ಗೆ, ಅಂದರೆ ಗೀರುಗಳ ಹಿಡಿತಕ್ಕೆ ಸಿಗದಷ್ಟು ತೆಳುವಾಗಿ, ಕುಗ್ಗಿತ್ತು. ಹಿಂಡಿದಾಗ ಹಿತ್ತಾಳೆಯ ಕೇಸ್ ಸ್ವಲ್ಪ ಹಿಗ್ಗಿ ತನ್ನ ಆಕಾರಕ್ಕೆ ಮರಳುತ್ತದೆ, ಸೀಸ ಮರಳುವುದಿಲ್ಲ. ಹಾಗಾಗಿ ಕೇಸಿಗೆ ಗುಂಡಿನ ಮೇಲಿನ ಹಿಡಿತವೇ ಹೋಗಿತ್ತು. ಕಾರ್ಟ್ರಿಜ್ಜನ್ನು ಮೇಜಿನ ಅಂಚಿಗೆ ಒತ್ತಿದರೆ ಗುಂಡು ಒಳಕ್ಕೆ ಜಾರುತ್ತಿತ್ತು. ‘ಗಟ್ಟಿ ಮಿಶ್ರಲೋಹ’ದ ಮೇಲೆ ನನ್ನ ಉಗುರಿನ ಗೀರು ಬೀಳುತ್ತಿತ್ತು. ಇದನ್ನು ತಿಳಿಸಿದ್ದಕ್ಕೆ ಆತ ಕೊಟ್ಟ ಸಲಹೆ, ‘ಹಾಗಾದರೆ ಹಿಂಡಬೇಡಿ, ಇನ್ನೊಂದು ಮಿಲಿಮೀಟರ್ ಒಳಕ್ಕೆ ಕೂರಿಸಿಬಿಡಿ.’ 9 ಎಂಎಂನಂಥ ಪುಟ್ಟ ಕೇಸಿನಲ್ಲಿ, ಅದೇ ಪ್ರಮಾಣದ ಮದ್ದಿನ ಮೇಲೆ, ಗುಂಡನ್ನು ಮನಸ್ಸಿಗೆ ಬಂದಷ್ಟು ಒಳಕ್ಕೆ ತಳ್ಳಿದರೆ ಒತ್ತಡ ಎಷ್ಟು ಬೇಗ ಏರುತ್ತದೆ ಎಂಬುದು ಎರಕ ಹೊಯ್ದು ಮಾರುವವನಿಗೆ ಗೊತ್ತಿಲ್ಲವೇ? ಅಲ್ಲಿಯವರೆಗೆ ಬರೀ ಕೋಪವಿತ್ತು, ಆಗ ಭಯವಾಯಿತು.

ಮೊದಲ ದಿನವೇ ಮಾಡಬೇಕಾದ್ದನ್ನು ಆಮೇಲೆ ಮಾಡಿದೆ. ಬ್ಯಾರೆಲ್ ಬಿಚ್ಚಿ ತೆಗೆದು, ಹಿಂಡದೆ ಉಳಿದಿದ್ದ ಒಂದು ಕಾರ್ಟ್ರಿಜ್ಜಿಗೆ ಕಪ್ಪು ಮಾರ್ಕರ್ ಬಳಿದು ಚೇಂಬರಿಗೆ, ಅಂದರೆ ಬ್ಯಾರೆಲ್ಲಿನ ಹಿಂಬದಿಯಲ್ಲಿ ಕಾರ್ಟ್ರಿಜ್ ಕೂರುವ ಗೂಡಿಗೆ, ಬಿಟ್ಟೆ. ಅರ್ಧದಲ್ಲೇ ನಿಂತಿತು. ಕೇಸಿನ ಬಾಯಿಯ ಕೆಳಗೆ, ಒಳಗೆ ಗುಂಡು ಕೂತಿರುವ ಜಾಗದಲ್ಲಿ, ಕಪ್ಪು ಅಳಿಸಿಹೋಗಿತ್ತು, ಅದೂ ಎದುರುಬದುರು ಎರಡೇ ಕಡೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಗುಂಡುಗಳಲ್ಲಿ ಒಂದನ್ನು ಅಳೆದೆ: 9.11. ಕಾಲು ಸುತ್ತು ತಿರುಗಿಸಿ ಅಳೆದೆ: 9.17. ಅಚ್ಚಿನ ಎರಡು ಹೋಳುಗಳು ಸರಿಯಾಗಿ ಕೂಡದೆಯೇ ಸೀಸ ಹೊಯ್ದಿದ್ದರಿಂದ ಸಂದಿನ ಉದ್ದಕ್ಕೂ ಬೆರಳಿಗೆ ತಗಲುವಂಥ ಏಣು ಎದ್ದಿತ್ತು. ಕೇಸಿನ ಗೋಡೆ ಎರಡೂ ಬದಿ ಸೇರಿ ಸುಮಾರು 0.56 ಮಿ.ಮೀ. ಎಂದಿಟ್ಟುಕೊಳ್ಳಿ. 9.04ರ ಗುಂಡಾಗಿದ್ದರೆ ಬಾಯಿಯ ಹತ್ತಿರ 9.60 ಆಗುತ್ತಿತ್ತು, ಅಲ್ಲಿ ಇರಬಹುದಾದ ಗರಿಷ್ಠ ಅಳತೆ 9.65. ನನ್ನದು 9.70 ದಾಟುತ್ತಿತ್ತು. ಸ್ಪ್ರಿಂಗ್ ಏನು ಮಾಡಬೇಕಿತ್ತು, ಪಾಪ!

ಇನ್ನೊಂದು ಸಂಗತಿ ಕಣ್ಣೆದುರೇ ಇತ್ತು. ಸೈಜಿಂಗ್ ಡೈಯೊಳಗಿಂದ ಹೊರಬಂದ ಗುಂಡಿನ ಪಟ್ಟಿಗಳು ಸುತ್ತಲೂ ಉಜ್ಜಿದಂತೆ ಹೊಳೆಯುತ್ತವೆ. ಇವು 500ಕ್ಕೆ 500 ಮಾಸಲು ಬೂದಿಬಣ್ಣ. ಯಾವ ಡೈಯನ್ನೂ ಅವು ಕಂಡಿರಲಿಲ್ಲ.

ಅಳತೆಯ ಚಿತ್ರಗಳನ್ನು ಕಳುಹಿಸಿದೆ. ಮೊದಲು ‘ನಿಮ್ಮ ಮೈಕ್ರೋಮೀಟರ್ ತಪ್ಪಿರಬೇಕು’ ಎಂದ. ಆಮೇಲೆ ‘ಬೇರೆ ಯಾರೂ ದೂರು ಕೊಟ್ಟಿಲ್ಲ’ ಎಂದ; ಚೇಂಬರ್ ಸಡಿಲವಿರುವ ಪಿಸ್ತೂಲು ಇವನ್ನೂ ನುಂಗೀತು, ಅದು ಗುಂಡಿನ ಹೆಚ್ಚುಗಾರಿಕೆಯಲ್ಲ. ಪೆಟ್ಟಿಗೆಯ ಮೇಲೆ ಸೈಜ್ ಮಾಡಲಾಗಿದೆ ಎಂದು ಏಕೆ ಬರೆದಿರಿ ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ಇದ್ದ ಹಾಗೆಯೇ ಕೊಡುತ್ತೇನೆ: ‘ಸೈಜ್ ಅಂದರೆ ಅಚ್ಚಿನ ಸೈಜ್ ಸರ್.’ ಅಚ್ಚಿನ ಸೈಜ್! ಆ ಸಾಲನ್ನು ಎಷ್ಟು ಬಾರಿ ಓದಿದೆನೋ ಲೆಕ್ಕವಿಲ್ಲ. ಹಣ ವಾಪಸ್ ಕೇಳಿದರೆ, ಪೆಟ್ಟಿಗೆ ಒಡೆದಿದ್ದೀರಿ, ಮುಂದಿನ ಸಲ ಕೊಂಡಾಗ ರಿಯಾಯಿತಿ ಕೊಡುತ್ತೇನೆ ಎಂದ.

ಯಾರ ಸರಕಾದರೂ ಹತ್ತು ಗುಂಡನ್ನು ಎರಡೆರಡು ದಿಕ್ಕಿನಲ್ಲಿ ಅಳೆಯಿರಿ. ಮದ್ದೂ ಪ್ರೈಮರೂ ಇಲ್ಲದ ಒಂದೇ ಒಂದು ಕಾರ್ಟ್ರಿಜ್ ಮಾಡಿ ಬಿಚ್ಚಿದ ಬ್ಯಾರೆಲ್ಲಿಗೆ ಬಿಡಿ. ಟಕ್ಕೆಂದು ಬೀಳಬೇಕು, ಬೆರಳಲ್ಲಿ ತಿರುಗಬೇಕು, ಬೋರಲು ಹಾಕಿದರೆ ತಾನಾಗಿ ಉದುರಬೇಕು. ಮಾರ್ಕರ್ ಗುಂಡಿನ ಮೂತಿಯಲ್ಲಿ ಅಳಿಸಿದ್ದರೆ ಗುಂಡು ರೈಫ್ಲಿಂಗಿಗೆ ತಾಗುತ್ತಿದೆ, ರೀಲೋಡಿಂಗ್ ಕೈಪಿಡಿ ಹೇಳುವ ಕಾರ್ಟ್ರಿಜ್ಜಿನ ಉದ್ದವನ್ನು ನೋಡಿ ಸರಿಪಡಿಸಿ. ಕೇಸಿನ ಬಾಯಂಚಿನಲ್ಲಿ ಅಳಿಸಿದ್ದರೆ, ಗುಂಡು ಕೂರಿಸಲೆಂದು ಅಗಲಿಸಿದ ಬಾಯಿ ಪೂರ್ತಿ ಮುಚ್ಚಿಲ್ಲ. ಅದರ ಕೆಳಗೆ ಅಳಿಸಿದ್ದರೆ ಗುಂಡೇ ದಪ್ಪ, ಆಗ ಮಾರಿದವನ ಮಾತು ಕೇಳಿ ಹೊಸ ಸ್ಪ್ರಿಂಗ್ ತರಬೇಡಿ.

300ರಲ್ಲಿ ನಾನು ಹಾರಿಸಿದ್ದು 41. ಉಳಿದ 259ನ್ನು ಒಂದೊಂದಾಗಿ ಗುಂಡು ಕಳಚುವ ಸುತ್ತಿಗೆಯಂಥ ಪುಲ್ಲರಿಗೆ ಸಿಕ್ಕಿಸಿ, ಕುಟ್ಟಿ ಬಿಚ್ಚುತ್ತಿದ್ದೇನೆ. ಇವತ್ತಿಗೆ 140 ಆಗಿದೆ.