ಒಂದು ತಿಂಗಳು, ನಾಲ್ಕು ಅಣಕು ಪತ್ರಿಕೆಗಳು: ಡೈಲಿ ಮ್ಯಾಶ್ ಮುಂದೆ ಬಂದದ್ದು ಹೇಗೆ?

2022ರ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮುಗಿಯುವವರೆಗೆ, ರೀಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್‌ಗೆ ಹೋಗಿಬರುವ ರೈಲಿನಲ್ಲಿ ಕುಳಿತು ಬ್ರಿಟನ್ನಿನ ನಾಲ್ಕು ವಿಡಂಬನಾ ಪ್ರಕಟಣೆಗಳನ್ನು ತಪ್ಪದೆ ಓದುವ ವ್ರತವೊಂದನ್ನು ಹಿಡಿದಿದ್ದೆ. ಡೈಲಿ ಮ್ಯಾಶ್, ನ್ಯೂಸ್‌ಥಂಪ್, ನ್ಯೂಸ್‌ಬಿಸ್ಕಿಟ್ ಎಂಬ ಮೂರು ಜಾಲತಾಣಗಳು, ಜೊತೆಗೆ ಈ ಮೂರಕ್ಕೂ ಅಜ್ಜನ ಸ್ಥಾನದಲ್ಲಿರುವ ಪ್ರೈವೇಟ್ ಐ ಎಂಬ ಪಾಕ್ಷಿಕ. ವ್ರತಕ್ಕೆ ಕಾರಣವಾದದ್ದು ಒಂದು ಸಣ್ಣ ಕುತೂಹಲ. ನಮ್ಮ ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಾಗ ಯಾರಾದರೊಬ್ಬರು ಅಣಕು ಸುದ್ದಿಯ ಕೊಂಡಿಯೊಂದನ್ನು ಹಾಕುತ್ತಿದ್ದರು, ಬಹುಪಾಲು ಸಲ ಅದು ಡೈಲಿ ಮ್ಯಾಶ್‌ನದೇ ಆಗಿರುತ್ತಿತ್ತು. ಒಂದೇ ಸಂತೆಯಲ್ಲಿ ಇಷ್ಟು ಅಂಗಡಿಗಳಿರುವಾಗ ಜನ ಇದೊಂದರ ಮುಂದೆಯೇ ಏಕೆ ಸಾಲುಗಟ್ಟುತ್ತಾರೆ ಎಂಬುದನ್ನು ಓದಿಯೇ ತಿಳಿಯೋಣವೆನಿಸಿತು.

ಪರೀಕ್ಷೆಗೆ ಮೂರು ಅಳತೆಗೋಲುಗಳನ್ನು ಇಟ್ಟುಕೊಂಡೆ. ಮೊದಲ ಓದಿಗೆ ನಗು ಬಂದಿತೇ ಎಂಬುದು ಒಂದು. ಅದೇ ಬರಹವನ್ನು ಮೂರು ವಾರ ಬಿಟ್ಟು ತೆರೆದರೆ ಏನುಳಿದಿರುತ್ತದೆ ಎಂಬುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: ಭಾನುವಾರ ತಿಪಟೂರಿಗೆ ಫೋನ್ ಮಾಡಿದಾಗ ಅದನ್ನು ಕನ್ನಡದಲ್ಲಿ ಅಪ್ಪನಿಗೆ ಹೇಳುವುದು. ನಿವೃತ್ತ ಶಾಲಾ ಮೇಷ್ಟರಾದ ಅವರು ಸುಲಭಕ್ಕೆ ನಗುವವರಲ್ಲ, ನಕ್ಕರೆ ಸುಳ್ಳಿಗೆ ನಗುವವರೂ ಅಲ್ಲ.

ಆಯ್ದುಕೊಂಡ ತಿಂಗಳು ಎಂಥದೆಂಬುದನ್ನೂ ಹೇಳಬೇಕು. ಸೆಪ್ಟೆಂಬರ್ 6ರಂದು ಪ್ರಧಾನಿಯಾದ ಲಿಜ್ ಟ್ರಸ್ ಅವರ ಸರ್ಕಾರ 23ರಂದು ಮಿನಿ ಬಜೆಟ್ ಮಂಡಿಸಿತು. ಮುಂದಿನ ಸೋಮವಾರ ಪೌಂಡು ಡಾಲರಿನೆದುರು ಹಿಂದೆಂದೂ ಇಲ್ಲದಷ್ಟು ಕುಸಿಯಿತು. ಅಕ್ಟೋಬರ್ 14ಕ್ಕೆ ಹಣಕಾಸು ಸಚಿವರು ವಜಾಗೊಂಡರು, 20ಕ್ಕೆ ಪ್ರಧಾನಿಯೇ ರಾಜೀನಾಮೆ ಘೋಷಿಸಿದರು, 25ಕ್ಕೆ ರಿಷಿ ಸುನಕ್ ಬಂದರು. ವಿಡಂಬನಕಾರರಿಗೆ ಇದು ಸುಗ್ಗಿಯ ತಿಂಗಳು ಎಂದು ಯಾರಿಗಾದರೂ ತೋರೀತು. ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆಯೇ.

ಮೊದಲಿಗೆ ನ್ಯೂಸ್‌ಥಂಪ್. ರಿಚರ್ಡ್ ಸ್ಮಿತ್ ಎಂಬುವರು 2009ರಲ್ಲಿ ತುಸು ಪೋಲಿಯಾದ ಬೇರೊಂದು ಹೆಸರಿನಲ್ಲಿ ಆರಂಭಿಸಿ, ಆಮೇಲೆ ಈ ಹೆಸರಿಟ್ಟ ತಾಣವಿದು. ವೇಗವೇ ಇದರ ಬಂಡವಾಳ. ಬೆಳಿಗ್ಗೆ ಸಚಿವರೊಬ್ಬರು ಆಡಿದ ಮಾತಿಗೆ ಸಂಜೆಯ ರೈಲು ಹತ್ತುವಷ್ಟರಲ್ಲಿ ಇಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ವರಸೆಯೂ ನೇರವಾದದ್ದು: ರಾಜಕಾರಣಿಯ ನಿನ್ನೆಯ ಮಾತನ್ನು ಇಂದಿನ ಮಾತಿನ ಪಕ್ಕಕ್ಕೆ ತಂದು ಕೂರಿಸಿ, ಎರಡರ ನಡುವಿನ ವಿರೋಧವನ್ನು ಗಂಭೀರ ಸುದ್ದಿಯ ದನಿಯಲ್ಲಿ ಒಂದೇ ಸಾಲಿಗೆ ಇಳಿಸುವುದು. ಆ ತಿಂಗಳು ನನ್ನನ್ನು ಅತಿ ಹೆಚ್ಚು ಬಾರಿ ತಕ್ಷಣ ನಗಿಸಿದ್ದು ಇದೇ ಎಂದು ಒಪ್ಪಿಕೊಳ್ಳಬೇಕು. ಆದರೆ ಮೂರು ವಾರ ಬಿಟ್ಟು ತೆರೆದಾಗ ಅವುಗಳಲ್ಲಿ ಎಷ್ಟೋ ತಲೆಬರಹಗಳು ಯಾವ ಹೇಳಿಕೆಗೆ ಕೊಟ್ಟ ಏಟು ಎಂಬುದೇ ನನಗೆ ನೆನಪಿರಲಿಲ್ಲ. ಅಪ್ಪನಿಗೆ ಹೇಳಲು ಹೋದರಂತೂ ಪೀಠಿಕೆಯೇ ಐದು ನಿಮಿಷ ಹಿಡಿಯಿತು. ಯಾವ ತೆರಿಗೆ, ಯಾವ ದರ, ಯಾರು ಯಾರ ಗುಂಪು ಎಂದೆಲ್ಲ ವಿವರಿಸಿ ಮುಗಿಸಿದಾಗ ಅತ್ತಲಿಂದ ಬಂದದ್ದು, "ಸರಿ, ಆಮೇಲೆ?" ಎಂಬ ಎರಡೇ ಮಾತು.

ನ್ಯೂಸ್‌ಬಿಸ್ಕಿಟ್‌ನದು ಬೇರೆ ದಾರಿ. ಹಾಸ್ಯ ಬರಹಗಾರ ಜಾನ್ ಓಫ್ಯಾರೆಲ್ 2006ರಲ್ಲಿ, ಅಂದರೆ ಡೈಲಿ ಮ್ಯಾಶ್‌ಗಿಂತ ಒಂದು ವರ್ಷ ಮೊದಲೇ, ಇದನ್ನು ಕಟ್ಟಿದರು. ಇಲ್ಲಿ ಓದುಗರೇ ಬರಹಗಾರರು. ಯಾರು ಬೇಕಾದರೂ ತುಣುಕು ಕಳಿಸಬಹುದು, ಉಳಿದವರು ಅದನ್ನು ತೂಗುತ್ತಾರೆ, ಚೆನ್ನಾಗಿದ್ದದ್ದು ಮುಖಪುಟಕ್ಕೆ ಏರುತ್ತದೆ. ಹಳ್ಳಿಕಟ್ಟೆಯ ಹರಟೆಯಲ್ಲಿ ಇರುವಂತೆ ಇಲ್ಲಿಯೂ ಒಬ್ಬನ ಕುಟುಕು ಮೊನಚಾಗಿದ್ದರೆ ಪಕ್ಕದವನದು ಸಪ್ಪೆ. ಅದನ್ನು ದೋಷವೆನ್ನುವುದಕ್ಕಿಂತ ಅದರ ಜಾಯಮಾನವೆನ್ನುವುದೇ ನ್ಯಾಯ. ಒಂದು ಸಾಲಿನ ತಲೆಬರಹಗಳಲ್ಲಿ ಇಲ್ಲಿ ಕೆಲವೊಮ್ಮೆ ಸಿಗುವ ಬೆರಗು ಉಳಿದೆರಡು ತಾಣಗಳಲ್ಲಿ ನನಗೆ ಸಿಗಲಿಲ್ಲ.

ನಾನೂ ಒಂದು ತುಣುಕು ಬರೆಯಲು ಕುಳಿತೆ. ಸೂಪರ್‌ಮಾರ್ಕೆಟಿನ ಸ್ವಯಂ ಬಿಲ್ಲಿಂಗ್ ಯಂತ್ರ ತನ್ನ ಎದುರು ನಿಂತ ಗಿರಾಕಿಯನ್ನು ಕಳ್ಳನೆಂದು ನಂಬಿದ್ದಕ್ಕೆ ಕ್ಷಮೆ ಕೇಳಿತು ಎಂಬ ತಲೆಬರಹ ಎರಡೇ ನಿಮಿಷದಲ್ಲಿ ಹೊಳೆಯಿತು. ಮೊದಲ ಪ್ಯಾರಾ ಹೇಗೋ ಆಯಿತು. ಎರಡನೆಯದರಲ್ಲಿ ತಲೆಬರಹವನ್ನೇ ಬೇರೆ ಪದಗಳಲ್ಲಿ ಬರೆದಿದ್ದೆ. ಮೂರನೆಯದರಲ್ಲಿ ಅದು ಏಕೆ ತಮಾಷೆ ಎಂದು ವಿವರಿಸತೊಡಗಿದ್ದೆ. ಟ್ವೈಫರ್ಡ್ ದಾಟುವಾಗ ಶುರುವಾದ ಬರಹವನ್ನು ಈಲಿಂಗ್ ಬರುವಷ್ಟರಲ್ಲಿ ಅಳಿಸಿ ಹಾಕಿದೆ, ಕಳಿಸುವ ಧೈರ್ಯವೇ ಬರಲಿಲ್ಲ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಕಲಿತದ್ದು ಇಡೀ ತಿಂಗಳ ಓದಿಗಿಂತ ಹೆಚ್ಚು. ಅಣಕು ಸುದ್ದಿಯಲ್ಲಿ ತಲೆಬರಹ ಯಾರಿಗಾದರೂ ದಕ್ಕೀತು, ಮೂರನೆಯ ಪ್ಯಾರಾ ಕಸುಬುದಾರನಿಗೆ ಮಾತ್ರ ದಕ್ಕುತ್ತದೆ.

ಡೈಲಿ ಮ್ಯಾಶ್ ಗೆದ್ದಿರುವುದು ಆ ಮೂರನೆಯ ಪ್ಯಾರಾದಲ್ಲಿಯೇ ಎಂಬುದು ನನ್ನ ಎಣಿಕೆ. 2007ರಲ್ಲಿ ಇದನ್ನು ಆರಂಭಿಸಿದ ಪಾಲ್ ಸ್ಟೋಕ್ಸ್ ಮತ್ತು ನೀಲ್ ರಾಫರ್ಟಿ ಇಬ್ಬರೂ ಸ್ಕಾಟ್ಲೆಂಡಿನ ಪತ್ರಿಕೆಗಳಲ್ಲಿ ದುಡಿದು ಬಂದವರು. ಒಬ್ಬರು ವಾಣಿಜ್ಯ ಸುದ್ದಿಯ ಕಡೆಯವರು, ಇನ್ನೊಬ್ಬರು ರಾಜಕೀಯ ವರದಿಗಾರರು. ಸುದ್ದಿಯ ಅಚ್ಚು ಅವರಿಗೆ ಕೈಯಳತೆಯಲ್ಲಿತ್ತು: ಮೊದಲ ಸಾಲಿನಲ್ಲಿ ಮುಖ್ಯಾಂಶ, ಎರಡನೆಯದರಲ್ಲಿ ಹೆಸರು ಮತ್ತು ಊರು, ಮೂರನೆಯದರಲ್ಲಿ ಹೇಳಿಕೆ, ಆಮೇಲೆ ತಜ್ಞರ ಅಭಿಪ್ರಾಯ, ಕೊನೆಗೆ ಬೇರೊಂದು ದಿಕ್ಕಿಗೆ ಹೊರಳುವ ಸಣ್ಣ ಬಾಲ. ಈ ಅಚ್ಚನ್ನು ಅವರು ಎಲ್ಲಿಯೂ ಮುರಿಯುವುದಿಲ್ಲ. ತಜ್ಞರ ಮಾತು ಬೇಕಾದಾಗ 'ಅಧ್ಯಯನಗಳ ಸಂಸ್ಥೆ' ಎಂಬ ಯಾವ ಅಧ್ಯಯನದ್ದೆಂದೇ ತಿಳಿಯದ ಸಂಸ್ಥೆಯಿಂದ ಪ್ರೊಫೆಸರ್ ಹೆನ್ರಿ ಬ್ರೂಬೇಕರ್ ಎಂಬ ಕಲ್ಪಿತ ವಿದ್ವಾಂಸರು ಬಂದು, ಕಣ್ಣೆದುರಿಗಿರುವ ಸತ್ಯವನ್ನೇ ಸಂಶೋಧನೆಯ ಫಲವೆಂಬಂತೆ ಹೇಳಿ ಹೋಗುತ್ತಾರೆ. ದಿನವೂ ಪತ್ರಿಕೆಯಲ್ಲಿ ಅಂಥ ಸಂಶೋಧನೆಗಳನ್ನು ಓದಿದವರಿಗೆ ಆ ನಗು ಬೇರೆ ಮೂಲೆಯಿಂದ ಬರುತ್ತದೆ. ಈ ಅಚ್ಚನ್ನು ಇವರೇ ಕಂಡುಹಿಡಿದರೆಂದಲ್ಲ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿದ್ಯಾರ್ಥಿಗಳು ಆರಂಭಿಸಿದ ದಿ ಆನಿಯನ್ 1996ರ ಹೊತ್ತಿಗೇ ಅಂತರ್ಜಾಲಕ್ಕೆ ಬಂದಿತ್ತು. ಮ್ಯಾಶ್ ಮಾಡಿದ್ದು ಆ ಅಚ್ಚಿಗೆ ಬ್ರಿಟಿಷ್ ಮಣ್ಣನ್ನು ತುಂಬಿದ್ದು.

ಆ ಮಣ್ಣು ಯಾವುದೆಂಬುದರಲ್ಲಿಯೇ ಇದರ ಗುಟ್ಟಿದೆ. ಇಲ್ಲಿಯೂ ಪ್ರಧಾನಿಗಳನ್ನು ಬಿಡುವುದಿಲ್ಲ, ಆದರೆ ನನ್ನ ಓದಿನಲ್ಲಿ ಮನಸ್ಸಿಗೆ ಹತ್ತಿದ ಬರಹಗಳೆಲ್ಲ ಓದುಗನ ಮೇಲೆಯೇ ಬರೆದವು: ಆಫೀಸಿನಲ್ಲಿ ಎಲ್ಲರಿಗೂ ಚಹಾ ಮಾಡುವ ಸರದಿಯಿಂದ ನುಣುಚಿಕೊಳ್ಳುವವನು, ಮೂರು ದಿನದ ಬಿಸಿಲಿಗೆ ದುಬಾರಿ ಬಾರ್ಬೆಕ್ಯೂ ಒಲೆ ಕೊಳ್ಳುವವನು, ಅಡುಗೆಮನೆಯ ನವೀಕರಣವನ್ನು ಜೀವನದ ಸಾಧನೆಯೆಂದು ತಿಳಿದ ಮಧ್ಯಮವರ್ಗದ ದಂಪತಿಗಳು. ಬಜೆಟ್ ಹಳಸುತ್ತದೆ, ಈ ಸ್ವಭಾವಗಳು ಹಳಸುವುದಿಲ್ಲ. ಮೂರು ವಾರ ಬಿಟ್ಟು ತೆರೆದಾಗಲೂ ಅವು ಬೆಳಗಿನ ಬ್ರೆಡ್ಡಿನಷ್ಟೇ ತಾಜಾ ಆಗಿದ್ದವು. ಇಂಥದ್ದನ್ನು ಜನ ಗೆಳೆಯರಿಗೆ ಕಳಿಸುವಾಗ "ಇದು ನೀನೇ" ಎಂಬ ಒಕ್ಕಣೆ ಇರುತ್ತದೆ. ಸಚಿವರ ಕುರಿತ ತಮಾಷೆಗೆ ಆ ಒಕ್ಕಣೆ ಬರೆಯಲಾಗದು. ಫೇಸ್‌ಬುಕ್, ಟ್ವಿಟರ್‌ಗಳು ಮನೆಮನೆಗೆ ಬಂದ ವರ್ಷಗಳಲ್ಲಿಯೇ ಈ ತಾಣ ಬೆಳೆದದ್ದು ಕಾಕತಾಳೀಯವಲ್ಲ.

ಈ ಜಾತಿಯ ಒಂದನ್ನು ನನ್ನ ಮಾತಿನಲ್ಲಿ ಅಪ್ಪನಿಗೆ ಹೇಳಿದೆ. ಎರಡು ತಿಂಗಳ ಹಿಂದೆಯೇ ಗೊತ್ತುಮಾಡಿದ್ದ ಊಟಕ್ಕೆ ಬರಬೇಕಿದ್ದ ಗೆಳೆಯರು ಬರಲಾಗುವುದಿಲ್ಲವೆಂದು ತಿಳಿಸಿದಾಗ, ಗಂಡಹೆಂಡಿರು ಫೋನಿನಲ್ಲಿ ಬಹಳ ಬೇಸರಪಟ್ಟುಕೊಂಡು, ಇಟ್ಟ ಮೇಲೆ ಕೈಕೈ ಹಿಡಿದು ಕುಣಿದರು ಎಂಬುದು ಅದರ ಸಾರ. ಅತ್ತ ಕಡೆ ಅರೆಕ್ಷಣ ಮೌನ. ಆಮೇಲೆ ಅಪ್ಪ ನಗತೊಡಗಿದರು, ಕೆಮ್ಮು ಬರುವಷ್ಟು ನಕ್ಕರು. "ಶ್ರಾವಣದಲ್ಲಿ ಬೀಗರು ಬರಲ್ಲ ಅಂದ ದಿನ ನಿಮ್ಮಮ್ಮನೂ ಹಿಂಗೇ ಕಣೋ" ಎಂದರು. ಹಿಂದಿನಿಂದ ಅಮ್ಮ ಏನೋ ಗದರಿದ್ದು ಕೇಳಿಸಿತು. ಆಮೇಲೆ ಅಪ್ಪ ಗಂಭೀರವಾಗಿ, "ಅಲ್ಲಾ, ಅವರು ಕುಣಿದಿದ್ದು ಪೇಪರ್‌ನೋರಿಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು.

ಮ್ಯಾಶ್‌ನ ಒಂದು ಮಗ್ಗುಲನ್ನು ಮಾತ್ರ ಈ ಮೂರನೆಯ ಅಳತೆಗೋಲು ಅಳೆಯಲಾರದು, ಅದು ಬೈಗುಳ. ಅಚ್ಚುಕಟ್ಟಾದ ಸುದ್ದಿಭಾಷೆಯ ನಡುವೆ ಇದ್ದಕ್ಕಿದ್ದಂತೆ ಬರುವ ಅಪ್ಪಟ ಬೀದಿಮಾತು ಅವರ ಹಾಸ್ಯಕ್ಕೆ ಉಪ್ಪಿದ್ದಂತೆ. ಆದರೆ ಅದನ್ನು ಕನ್ನಡಕ್ಕೆ ತಂದು ಮೇಷ್ಟರೆದುರು ಆಡುವುದು ನನ್ನಿಂದಾಗದ ಕೆಲಸವಾದ್ದರಿಂದ ಅಂಥ ಕಡೆಯೆಲ್ಲ ನುಂಗಿಕೊಂಡೇ ಹೇಳಿದೆ. ಕೆಲವು ಬರಹಗಳಲ್ಲಿ ಉಪ್ಪೇ ಸಾರಾಗಿದೆ ಎಂದು ಅನಿಸಿದ್ದೂ ಉಂಟು.

ಮನೆಯ ಮಾತಿನಿಂದ ನಗು ತೆಗೆಯುವ ಈ ಕಸುಬು ಕನ್ನಡಕ್ಕೆ ಹೊಸದೇನಲ್ಲ. ರಾಶಿಯವರು 1942ರಲ್ಲಿ ಆರಂಭಿಸಿ ಕಾಲು ಶತಮಾನ ನಡೆಸಿದ ಕೊರವಂಜಿಯ ಹಳೆಯ ಸಂಚಿಕೆಗಳು ನಮ್ಮ ಮನೆಯ ಅಟ್ಟದಲ್ಲಿದ್ದವು. ಅಪ್ಪ ಮ್ಯಾಶ್‌ನ ದಂಪತಿಗಳನ್ನು ಅಷ್ಟು ಬೇಗ ಗುರುತಿಸಿದ್ದಕ್ಕೆ ಆ ಅಟ್ಟವೂ ಒಂದಿಷ್ಟು ಕಾರಣವಿರಬೇಕು.

ತಾಣದ ಏರಿಕೆಯ ಉಳಿದ ಕತೆ ಬೇಗ ಹೇಳಿ ಮುಗಿಸುವಂಥದು. 2017ರಲ್ಲಿ ಬಿಬಿಸಿಯ ಎರಡನೆಯ ವಾಹಿನಿ ಇದನ್ನೇ ಆಧರಿಸಿ ದಿ ಮ್ಯಾಶ್ ರಿಪೋರ್ಟ್ ಎಂಬ ಕಾರ್ಯಕ್ರಮ ತಂದಿತು, ನಿರೂಪಕರು ನಿಶ್ ಕುಮಾರ್. 2019ರಲ್ಲಿ ಡಿಜಿಟಲ್‌ಬಾಕ್ಸ್ ಎಂಬ ಕಂಪನಿ 12 ಲಕ್ಷ ಪೌಂಡಿಗೆ ತಾಣವನ್ನು ಕೊಂಡಿತು. 2021ರಲ್ಲಿ ಬಿಬಿಸಿ ಕಾರ್ಯಕ್ರಮವನ್ನು ನಿಲ್ಲಿಸಿದಾಗ ಅದು ಸ್ವಲ್ಪ ಹೆಸರು ಬದಲಿಸಿಕೊಂಡು ಡೇವ್ ವಾಹಿನಿಗೆ ಹೋಯಿತು. ಟಿವಿಯ ರೂಪ ನನಗೆ ಅಷ್ಟು ಹಿಡಿಸಲಿಲ್ಲ. ಕಾಗದದ ಸುದ್ದಿಯನ್ನು ಅಣಕಿಸುವ ನಿರ್ಭಾವುಕ ಗದ್ಯಕ್ಕೆ ಮುಖವೂ ದನಿಯೂ ಬಂದೊಡನೆ, ಹಾಸ್ಯಗಾರ ಯಾವ ಪಕ್ಷದವನೆಂಬ ಲೆಕ್ಕ ಶುರುವಾಗುತ್ತದೆ. ಬರಹದಲ್ಲಿ ಆ ಲೆಕ್ಕಕ್ಕೆ ಎಡೆಯಿರಲಿಲ್ಲ.

ಇನ್ನು ಪ್ರೈವೇಟ್ ಐ. 1961ರಿಂದ ಬರುತ್ತಿರುವ, 1986ರಿಂದ ಇಯಾನ್ ಹಿಸ್ಲಾಪ್ ಸಂಪಾದಿಸುತ್ತಿರುವ ಈ ಪಾಕ್ಷಿಕವನ್ನು ಜಾಲತಾಣಗಳ ಜೊತೆ ತೂಗುವುದು ಸರಿಯೇ ಎಂದು ಕೇಳಬಹುದು. ನಾನು ತೂಗಿದ್ದು ಬೇಕೆಂದೇ. ತನ್ನ ಸರಕಿನ ಬಹುಪಾಲನ್ನು ಅಂತರ್ಜಾಲದಲ್ಲಿ ಪುಕ್ಕಟೆ ಕೊಡದೆ, ಇಂದಿಗೂ ಒರಟು ಕಾಗದದಲ್ಲಿ ಅಚ್ಚಾಗಿ, 2 ಲಕ್ಷಕ್ಕೂ ಹೆಚ್ಚು ಪ್ರತಿ ಮಾರುವ ಪತ್ರಿಕೆ ಇದು. ವೇಗದಲ್ಲಿ ಇದು ಆ ತಿಂಗಳು ಪೂರ್ತಿ ಸೋತಿತು. ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಣಕಾಸು ಸಚಿವರೇ ಬೇರೆಯಾಗಿದ್ದರು. ಮುಖಪುಟದ ಫೋಟೊಗೆ ಅಂಟಿಸಿದ ಸಂಭಾಷಣೆಯ ಗುಳ್ಳೆಗಳಿಗೆ ಮುಗುಳ್ನಗೆ ಬಂತು, ಅಷ್ಟೇ. ಆದರೆ ಹಾಸ್ಯದ ಪುಟಗಳನ್ನು ದಾಟಿದರೆ ಹಿಂದೆ ಮುಂದೆ ನಿಜವಾದ ತನಿಖಾ ವರದಿಗಳಿವೆ. ಲೆಕ್ಕದ ತಂತ್ರಾಂಶದ ದೋಷದಿಂದ ನೂರಾರು ಮಂದಿ ಬ್ರಿಟಿಷ್ ಅಂಚೆ ಶಾಖಾ ನಿರ್ವಾಹಕರು ಕಳ್ಳರೆಂಬ ಹಣೆಪಟ್ಟಿ ಹೊತ್ತ ಪ್ರಕರಣವನ್ನು ಇದು 2011ರಿಂದಲೇ ಬರೆಯುತ್ತಾ ಬಂದಿತ್ತು, ದೇಶವೆಲ್ಲ ಕಿವಿಗೊಟ್ಟದ್ದು ಎಷ್ಟೋ ವರ್ಷಗಳ ಮೇಲೆ. ಸಂಜೆಯ ರೈಲಿನಲ್ಲಿ ಅದರ ಒಂದು ಕಂತು ಓದಿದ ದಿನ ಉಳಿದ ಮೂರನ್ನು ತೆರೆಯುವ ಮನಸ್ಸೇ ಬರಲಿಲ್ಲ. ಜಾಲತಾಣಗಳಿಗೆ ಈ ಭಾರವಿಲ್ಲ, ಭಾರ ಹೊರುವ ಹಂಬಲವೂ ಅವುಗಳಿಗಿಲ್ಲ.

ಹೀಗಾಗಿ ತಿಂಗಳು ಮುಗಿದ ಮೇಲೆ ನಾನು ಹಣ ಕೊಟ್ಟು ತರಿಸತೊಡಗಿದ್ದು ಪ್ರೈವೇಟ್ ಐ; ಫೋನಿನಲ್ಲಿ ಉಳಿಸಿಕೊಂಡದ್ದು ಡೈಲಿ ಮ್ಯಾಶ್. ನ್ಯೂಸ್‌ಥಂಪ್ ಅನ್ನು ರಾಜಕೀಯ ಬಿಸಿಯೇರಿದ ದಿನ ಮಾತ್ರ ತೆರೆಯುತ್ತೇನೆ. ನ್ಯೂಸ್‌ಬಿಸ್ಕಿಟ್‌ಗೆ ಒಂದಲ್ಲ ಒಂದು ದಿನ ಆ ಬಿಲ್ಲಿಂಗ್ ಯಂತ್ರವನ್ನು ಕಳಿಸಬೇಕೆಂಬ ಆಸೆ ಇನ್ನೂ ಇದೆ.

ಅಪ್ಪನ ಕಡೆಯ ಲೆಕ್ಕವೊಂದು ಬಾಕಿ ಉಳಿದಿತ್ತು. ಸುನಕ್ ಪ್ರಧಾನಿಯಾದ ವಾರ ಅವರಿಗೆ ಬೆಂಗಳೂರಿನ ಅಳಿಯನ ಸುದ್ದಿಯೇ ಸುದ್ದಿ, ನಾರಾಯಣಮೂರ್ತಿಯವರ ಮನೆಯಿಂದ ಹಿಡಿದು ಎಲ್ಲವನ್ನೂ ವಿಚಾರಿಸಿದರು. ಮಾತಿನ ನಡುವೆ, ನಿಜವಾದ ಪತ್ರಿಕೆಯಾದ ಡೈಲಿ ಸ್ಟಾರ್ ಏನು ಮಾಡಿತ್ತೆಂಬುದನ್ನು ಹೇಳಿದೆ: ಒಂದು ಲೆಟಿಸ್ ಸೊಪ್ಪಿನ ಗೆಡ್ಡೆಗೆ ಚೌರಿ ತೊಡಿಸಿ, ಕ್ಯಾಮೆರಾ ಮುಂದಿಟ್ಟು, ಹಿಂದಿನ ಪ್ರಧಾನಿಯ ಕುರ್ಚಿ ಮೊದಲು ಹೋಗುತ್ತದೋ ಈ ಸೊಪ್ಪು ಮೊದಲು ಕೊಳೆಯುತ್ತದೋ ಎಂದು ಹಗಲಿರುಳು ನೇರಪ್ರಸಾರ ಮಾಡಿತ್ತು, ಕೊನೆಗೆ ಸೊಪ್ಪೇ ಗೆದ್ದಿತ್ತು. ಅಪ್ಪ ಪೂರ್ತಿ ಕೇಳಿಸಿಕೊಂಡು, "ಇದು ಮಾತ್ರ ಸುಳ್ಳು ಕಣೋ, ಆ ಊಟದ ಗಂಡಹೆಂಡ್ತೀದು ನಿಜ" ಎಂದು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟರು.