ಕೇಳಿದ್ದು, ಕೇಳಿಸಿದ್ದು: ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ

ನಿಘಂಟಿನ ಯೋಗ್ಯತೆಯನ್ನು ಅಳೆಯಲು ಕಠಿಣ ಪದಗಳಿಗಿಂತ, ನಮಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡ ಪದಗಳೇ ಮೇಲು. ಹಾಗೆಂದು ನಾನು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ‘ಹಿಯರ್’ ಮತ್ತು ‘ಲಿಸನ್’ ಎಂಬ ಎರಡು ಕ್ರಿಯಾಪದಗಳನ್ನು ತೆರೆದು ನೋಡಿದೆ. ಪ್ರೌಢಶಾಲೆಯಲ್ಲಿದ್ದಾಗ ಕೊಂಡಿದ್ದ ಕಿರು ಇಂಗ್ಲಿಷ್–ಕನ್ನಡ ನಿಘಂಟು ಎರಡಕ್ಕೂ ‘ಕೇಳು’ ಎಂದು ಬರೆದು ಕೈತೊಳೆದುಕೊಂಡಿತ್ತು. ‘ಆಸ್ಕ್’ಗೂ ಅದೇ ‘ಕೇಳು’.

ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ, ಇಬ್ಬರು ಸಂಗಡಿಗರೊಡನೆ ರೂಪಿಸಿದ ಈ ಆಕ್ಸ್‌ಫರ್ಡ್ ನಿಘಂಟು 1942ರಲ್ಲಿ ಅಲ್ಲಿಯೂ 1948ರಲ್ಲಿ ಆಕ್ಸ್‌ಫರ್ಡ್‌ನಿಂದಲೂ ಬೇರೆ ಹೆಸರುಗಳಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮನೆಮಾತಲ್ಲದವರಿಗಾಗಿಯೇ ಹುಟ್ಟಿದ್ದರಿಂದ, ಪದದ ಅರ್ಥದ ಜೊತೆಗೆ ವಾಕ್ಯದಲ್ಲಿ ಅದರ ನಡವಳಿಕೆಯನ್ನೂ ಇದು ಹೇಳುತ್ತದೆ. ಸದ್ದು ತಾನಾಗಿ ಕಿವಿಗೆ ಬೀಳುವುದು ‘ಹಿಯರ್’, ಕಿವಿಗೊಟ್ಟು ಆಲಿಸುವುದು ‘ಲಿಸನ್’ ಎಂದು ತಿಳಿಸಿ, ಮೊದಲನೆಯದನ್ನು ಈ ಅರ್ಥದಲ್ಲಿ ‘ಇಂಗ್’ ಸೇರಿಸಿ ಬಳಸುವುದಿಲ್ಲವೆಂದು ಎಚ್ಚರಿಸುತ್ತದೆ. ಫೋನಿನಲ್ಲಿ ‘ಕೇಳಿಸುತ್ತಿಲ್ಲ’ ಎನ್ನುವ ಧಾಟಿಯಲ್ಲೇ ‘ಐ ಆಮ್ ನಾಟ್ ಹಿಯರಿಂಗ್ ಯು’ ಎಂದುಬಿಡುವ ನಮಗೆ ಬೇಕಾದದ್ದು ಇದೇ ಸೂಚನೆ; ಅಲ್ಲಿ ‘ಐ ಕಾಂಟ್ ಹಿಯರ್ ಯು’ ಎನ್ನಬೇಕು. ‘ರೇಡಿಯೊ ಕೇಳು’ ಎನ್ನುವಾಗ ಕನ್ನಡಕ್ಕೆ ವಿಭಕ್ತಿ ಪ್ರತ್ಯಯವೂ ಬೇಕಾಗಿಲ್ಲ. ‘ಲಿಸನ್’ಗಾದರೋ ‘ಟು’ ಇಲ್ಲದೆ ನಡೆಯದು. ನ್ಯಾಯಾಲಯವು ಮೊಕದ್ದಮೆಯನ್ನು ‘ಹಿಯರ್’ ಮಾಡುವುದನ್ನು ಬೇರೆಯೇ ಅರ್ಥವಾಗಿ ಕೊಟ್ಟಿರುವುದೂ ಸರಿಯಾಗಿದೆ, ಏಕೆಂದರೆ ಅಲ್ಲಿ ಗಮನವಿಟ್ಟೇ ಕೇಳುತ್ತಾರೆ (ಕಕ್ಷಿದಾರರ ನಂಬಿಕೆಯಂತೂ ಹಾಗಿದೆ), ಆದರೂ ಪದ ‘ಲಿಸನ್’ ಅಲ್ಲ.

ಎಲ್ಲವನ್ನೂ ಇಂಗ್ಲಿಷಿನಲ್ಲೇ ವಿವರಿಸುವ ಈ ಪುಸ್ತಕ ಹೇಳಲಾರದ ಸಂಗತಿಯೊಂದಿದೆ: ಈ ಭೇದ ಕನ್ನಡಕ್ಕೆ ಹೊಸದೇನಲ್ಲ. ‘ನಾನು ಕೇಳಿದೆ’ ಎಂಬಲ್ಲಿ ಕಿವಿಗೊಟ್ಟವನು ನಾನು. ‘ನನಗೆ ಕೇಳಿಸಿತು’ ಎಂಬಲ್ಲಿ ಸದ್ದೇ ನನ್ನ ಬಳಿ ಬಂದಿದೆ. ‘ನೋಡು’, ‘ಕಾಣಿಸು’ ಎಂಬ ಜೋಡಿಯೂ ‘ಲುಕ್’, ‘ಸೀ’ಗಳಿಗೆ ಬಹುಮಟ್ಟಿಗೆ ಹೊಂದುತ್ತದೆ, ಸಿನಿಮಾ ನೋಡುವುದಕ್ಕೆ ‘ಸೀ’ ಬರುತ್ತದೆಂಬುದನ್ನು ಬಿಟ್ಟರೆ. ಇದನ್ನು ಹೇಳಬೇಕಾಗಿದ್ದುದು ನನ್ನ ಆ ಹಳೆಯ ದ್ವಿಭಾಷಾ ನಿಘಂಟು.

ಅಚ್ಚಿನ ಪ್ರತಿ ಭಾರ, ಅಕ್ಷರ ಸಣ್ಣ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಆವೃತ್ತಿಯಲ್ಲಿ ಉಚ್ಚಾರಣೆಯನ್ನೂ ಕೇಳಬಹುದು. ಸರಳ ಇಂಗ್ಲಿಷನ್ನು ಸಲೀಸಾಗಿ ಓದಬಲ್ಲ ಪಿಯುಸಿ, ಪದವಿ ವಿದ್ಯಾರ್ಥಿಗಳು ನಿಸ್ಸಂಕೋಚವಾಗಿ ಕೊಳ್ಳಬಹುದು. ಎಂಟನೆಯ ತರಗತಿಯ ಮಗುವಿಗೆ ಕೊಡಿಸುವುದಾದರೆ, ಪಕ್ಕದಲ್ಲಿ ಕುಳಿತು ‘ಕೇಳು’, ‘ಕೇಳಿಸು’ಗಳ ಮೂಲಕ ಬಿಡಿಸಿ ಹೇಳುವವರೊಬ್ಬರು ಬೇಕಾಗುತ್ತಾರೆ.