ಒಂದ್ ವರ್ಷ ಓಟಿಟಿ ಪ್ಯಾಕ್ ನೋಡಿದ ಮ್ಯಾಲೆ: ಪಿಕ್ಚರ್ ಚಲೋ, ಡಬ್ಬಿಂಗ್‌ನ್ಯಾಗ "ನೀ" "ನೀವು" ಲೆಕ್ಕ ತಪ್ಪೈತಿ

ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮನಿ. ಹೋದ ದೀಪಾವಳಿಗೆ ಹೊಸಾ ಇಂಟರ್ನೆಟ್ ಹಾಕಿಸಿದ್ವಿ, ಅದರ ಜೋಡಿನ ಈ ಓಟಿಟಿ ಆ್ಯಪ್ ಬಂತು. ಹೆಸರು ಬ್ಯಾಡ, ಕನ್ನಡ ಡಬ್ಬಿಂಗ್ ಭಾಳ ಐತಿ ಅಂತ ಜಾಹೀರಾತು ಮಾಡೋ ಆ್ಯಪ್‌ಗಳೊಳಗ ಒಂದು, ಬಾಕಿ ಆ್ಯಪ್‌ದಾಗೂ ಇದ ಕಥಿ ಇರಬಹುದು ಅಂತ ಬರ್ಯಾಕತ್ತೀನಿ. ಪಿಕ್ಚರ್ ಕ್ಲಿಯರ್ ಬರ್ತೈತಿ, ನಡಬರಕ ನಿಲ್ಲಂಗಿಲ್ಲ, ಟಿವಿ ಮೊಬೈಲ್ ಎರಡರಾಗೂ ನಡೀತೈತಿ. ಅದರ ಬಗ್ಗೆ ತಕರಾರಿಲ್ಲ.

ನನ್ನ ತಕರಾರು ಡಬ್ಬಿಂಗ್ ಮ್ಯಾಲೆ. ನಮ್ಮ ಅತ್ತಿಯವರಿಗೆ ಇಂಗ್ಲಿಷ್ ಬರಂಗಿಲ್ಲ, ಹಿಂದಿ ಅರ್ಧಮರ್ಧ, ಹಿಂಗಾಗಿ ಕನ್ನಡ ಡಬ್ಬಿಂಗ್ ಇದ್ರನ ಅವರಿಗೆ ಆ್ಯಪ್ ಇದ್ದಂಗ, ಇಲ್ಲಂದ್ರ ಇಲ್ಲ. ಮೊದಲ್ನೇ ವಾರದಾಗ ಒಂದು ಅಮೆರಿಕಾದ ಪೊಲೀಸ್ ಸೀರಿಯಲ್ ಹಚ್ಚಿದ್ವಿ, ಅದರಾಗ ಒಬ್ಬ ಗಂಡ ಡಿಟೆಕ್ಟಿವ್ ಒಬ್ಬಾಕಿ ಹೆಣ್ಣ ಡಿಟೆಕ್ಟಿವ್, ಇಬ್ಬರದೂ ಒಂದ ಹುದ್ದಿ, ಹಂಗ ನೋಡಿದ್ರ ಆಕಿನ ಸೀನಿಯರ್. ಕನ್ನಡದಾಗ ಅಂವ ಆಕೀಗೆ "ನೀನು ಸುಮ್ನಿರು, ಹೋಗು" ಅಂತಾನ, ಆಕಿ ಅವಂಗ "ನೀವು ಹೇಳಿ, ನೀವು ಬನ್ನಿ" ಅಂತಾಳ. ಎರಡು ಎಪಿಸೋಡ್ ಆದಮ್ಯಾಲೆ ಅತ್ತಿಯವರು ಕೇಳಿದ್ರು, "ಆಕಿನೂ ಪೊಲೀಸ, ಅಂವನೂ ಪೊಲೀಸ, ಅಂವ ಯಾಕ ಆಕೀಗೆ ಮನಿ ಹೆಣ್ತಿಗೆ ಬೈದಂಗ ಬೈತಾನ?" ಒಂಬತ್ತನೇತ್ತಾ ಓದೋ ನನ್ನ ಮಗಳು ಆಡಿಯೋ ಇಂಗ್ಲಿಷಿಗೆ ಬದಲಿ ಮಾಡಿ ತೋರಿಸಿದ್ಲು, "ಇಲ್ಲೇ ಇಬ್ಬರೂ ಯೂ ಅಂತಾರ ನೋಡ ಮಮ್ಮಿ, ಮತ್ತ ಕನ್ನಡದಾಗ ಆಕಿ ಯಾಕ ನೀವು ಅನ್ನಬೇಕು?" ನನ್ನ ಹತ್ರ ಉತ್ತರ ಇರಲಿಲ್ಲ.

ಮನ್ಯಾಗ ನಾನೂ ನಮ್ಮ ಯಜಮಾನರಿಗೆ ರೀ ಅಂತ ಕರೀತೀನಿ, ಅದು ನಮ್ಮ ರೂಢಿ, ಅದರ ಬಗ್ಗೆ ಇಲ್ಲೇ ಜಗಳಿಲ್ಲ. ಆದ್ರ ಮೂಲದಾಗ ಇಲ್ಲದ ಮೇಲು ಕೆಳಗು ತಂದು ತುಂಬೋದು ಯಾವ ನ್ಯಾಯ? ಇಂಗ್ಲಿಷಿನವರು ಮಾಡಲಾರದ ಭೇದ ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಾಗ ಹುಟ್ಟತೈತಿ, ಬರದವರಿಗೆ ಗೊತ್ತೂ ಇರಂಗಿಲ್ಲ ಅನಸ್ತೈತಿ, ಗಂಡಸು ಅಂದ ಕೂಡಲೇ ಕೈ ತಾನ "ನೀವು" ಬರೀತೈತಿ.

ಕೊರಿಯನ್ ಸೀರಿಯಲ್ ಸುದ್ದಿ ಬ್ಯಾರೆ. ಅವರ ಭಾಷಾದಾಗ ನಮ್ಮಂಗ ಮರ್ಯಾದಿ ಮಾತು ಬ್ಯಾರೆ, ಸಲಿಗಿ ಮಾತು ಬ್ಯಾರೆ, ವಯಸ್ಸು ಹುದ್ದಿ ನೋಡಿ ಮಾತಾಡ್ತಾರ. ಸಣ್ಣಾಕಿ ಅಣ್ಣಗೂ ಓಪ್ಪಾ ಅಂತಾಳ, ಪ್ರೀತಿ ಮಾಡೋ ಹುಡುಗಗೂ ಓಪ್ಪಾ ಅಂತಾಳ, ಅದನ್ನ ಕನ್ನಡಕ್ಕ ತರೂದು ಕಷ್ಟ ಖರೇ. ಆದ್ರ ಕಂಪನಿ ಮಾಲಕಿ ತನ್ನ ಕೈಕೆಳಗಿನ ಹುಡುಗಗ ಕೊರಿಯನ್‌ದಾಗ ಸಲಿಗಿಲೆ ಮಾತಾಡಿದ್ರ ಕನ್ನಡದಾಗ ಯಾಕ ಮೆತ್ತಗ ಮಾಡ್ಬೇಕು? ಇನ್ನ ಆ ಹೀರೋಗಳು ಹುಡುಗಿ ಕೈ ಹಿಡದು ದರದರ ಎಳಕೊಂಡು ಹೋಗೋದು ಅಲ್ಲಿಂದ ಬಂದದ್ದು, ಅದು ಡಬ್ಬಿಂಗ್ ತಪ್ಪಲ್ಲ. ನಮ್ಮ ಪಿಕ್ಚರ್‌ದಾಗ ಹಿಂದ ಬಿದ್ದು ಕಾಡಿದಂವಗ ಹುಡುಗಿ ಕಡೀಕ ಒಲೀತಾಳಲ್ಲ, ಅದೂ ಇದೂ ಅಣ್ಣತಮ್ಮ. ಅದ ಕೊರಿಯನ್ ಹೀರೋ ಅತ್ತರ ಮಾತ್ರ ನಮ್ಮ ಮೈದುನ "ಹೆಣ್ಣಂಗ ಅಳ್ತಾನ" ಅಂತ ನಗ್ತಾನ, ನನಗ ಅದು ಸೇರಂಗಿಲ್ಲ. ಚೀನಾದಾಗಂತೂ 2021ರಾಗ ಸರ್ಕಾರನ ಟಿವಿಯವರಿಗೆ ಹೆಣ್ಣಿಗ ಗಂಡಸರನ್ನ ತೋರಸಬ್ಯಾಡ್ರಿ ಅಂತ ಹುಕುಂ ಮಾಡ್ತು. ಗಂಡಸರಿಗೂ ಬಿಡುಗಡಿ ಇಲ್ಲ.

ಒಂದು ಶಬ್ದದಾಗ ಏನೈತಿ ಅಂತ ಕೆಲವರು ಕೇಳ್ತೀರಿ. 2023ರ ಆಸ್ಕರ್‌ದಾಗ ಮಲೇಷ್ಯಾದ ಮಿಶೆಲ್ ಯೋ 60ನೇ ವಯಸ್ಸಿನ್ಯಾಗ ಬೆಸ್ಟ್ ಆ್ಯಕ್ಟ್ರೆಸ್ ಗೆದ್ದು, ಸ್ಟೇಜ್ ಮ್ಯಾಲೆ ನಿಂತು ಹೆಣ್ಮಕ್ಕಳನ್ನ ಕರದು, ನಿಮ್ಮ ಕಾಲ ಮುಗೀತು ಅಂತ ಯಾರಿಗೂ ಹೇಳಾಕ ಬಿಡಬ್ಯಾಡ್ರಿ ಅಂದ್ರು. ದಕ್ಷಿಣ ಕೊರಿಯಾದ ಎಸ್‌ಬಿಎಸ್ ಚಾನೆಲ್ ಸುದ್ದಿಯೊಳಗ ಅದನ್ನ ತೋರಸಬೇಕಾದ್ರ "ಲೇಡೀಸ್" ಅನ್ನೋ ಶಬ್ದನ ಕತ್ತರಿಸಿತ್ತು, ಮಂದಿ ಸಿಟ್ಟಾದ್ರು. ಒಂದು ಶಬ್ದ ಹೋದ್ರ ಯಾರಿಗೆ ಹೇಳಿದ ಮಾತು ಅನ್ನೋದ ಹೋಗ್ತೈತಿ. ಹಾಲಿವುಡ್ ಏನ್ ದೊಡ್ಡದಲ್ಲ, ಅಲ್ಲಿನ ನಟಿ ಮ್ಯಾಗಿ ಜಿಲೆನ್‌ಹಾಲ್ 2015ರಾಗ ಹೇಳಿದ್ರು, 37 ವರ್ಷದಾಕಿ ನೀ, 55 ವರ್ಷದ ಗಂಡಸಿಗೆ ಪ್ರೇಯಸಿ ಆಗಾಕ ವಯಸ್ಸಾತು ಅಂತ ಅವರಿಗೆ ಅಂದಿದ್ರಂತ.

ಆ್ಯಪ್‌ದಾಗ ಇನ್ನೊಂದು ನೋಡ್ರಿ, "ಮಹಿಳಾ ಪ್ರಧಾನ" ಅಂತ ಒಂದು ಸಾಲು ಐತಿ, "ಪುರುಷ ಪ್ರಧಾನ" ಅಂತ ಇಲ್ಲ, ಯಾಕಂದ್ರ ಬಾಕಿ ಎಲ್ಲಾ ಅದ. 2017ರಾಗ ಸೆನ್ಸಾರ್ ಬೋರ್ಡಿನವರು ಒಂದು ಹಿಂದಿ ಪಿಕ್ಚರ್‌ಗೆ ಸರ್ಟಿಫಿಕೇಟ್ ಕೊಡಲಾರದ "ಲೇಡಿ ಓರಿಯೆಂಟೆಡ್" ಅಂತ ಕಾರಣ ಬರದಿದ್ರು, ಈ ಸಾಲು ನೋಡಿದಾಗೆಲ್ಲಾ ನನಗ ಅದ ನೆನಪಾಗ್ತೈತಿ. ನನ್ನ ಪ್ರೊಫೈಲ್‌ದಾಗ ನಾ ಬರೇ ಕ್ರೈಮ್ ಸೀರಿಯಲ್ ನೋಡೀನಿ, ಆದ್ರೂ ಮ್ಯಾಲೆ ಮದುವಿ, ಅಡಿಗಿ, ಅತ್ತಿ ಸೊಸಿ ಜಗಳದ ಪೋಸ್ಟರ್ ಬಂದ್ ಕುಂದರ್ತಾವು.

ಮತ್ತ ನಮ್ಮ ಭಾಷಾದ ಸುದ್ದಿ. ಹೀರೋ ಹೀರೋಯಿನ್ ಇಬ್ಬರೂ ಬೆಂಗಳೂರು ಕನ್ನಡ, ಸಂತ್ಯಾಗ ಮೀನ ಮಾರೋ ಬಾಯಿಬಡಕಿ ಹೆಂಗಸು ಬಂದ್ಲಂದ್ರ ಆಕಿ ಬಾಯಾಗ ಮಾತ್ರ ಹುಬ್ಬಳ್ಳಿ ಮಾತು. ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಕಾಯಿಪಲ್ಲೆ ಮಾರೋ ಹೆಣ್ಮಕ್ಕಳು ಗಿರಾಕಿಗೆ "ಬರ್ರೀ ಯವ್ವಾ, ತಗೋರಿ" ಅಂತ ಎಷ್ಟ ಮರ್ಯಾದಿಲೆ ಕರೀತಾರ, ಡಬ್ಬಿಂಗ್ ಬರಿಯೋರು ಒಂದಿನ ಬಂದು ಕೇಳ್ಲಿ.

ಡಬ್ಬಿಂಗ್ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ. ಎಷ್ಟ ವರ್ಷ ನಮ್ಮ ಸಿನಿಮಾ ಸಂಘದವರು ಕನ್ನಡದಾಗ ಡಬ್ಬಿಂಗ್ ತಡದಿದ್ರು, 2015ರಾಗ ಕಾಂಪಿಟಿಷನ್ ಕಮಿಷನ್ (ವ್ಯಾಪಾರದಾಗ ಪೈಪೋಟಿ ತಡಿಯೋರನ್ನ ವಿಚಾರಸೋ ಸರ್ಕಾರಿ ಆಯೋಗ) ತಡದ ಸಂಘಗಳಿಗೆ ದಂಡ ಹಾಕಿದ ಮ್ಯಾಲೆ ಹಾದಿ ತೆರೀತು, ಅದರಿಂದನ ಇವತ್ತ ನಮ್ಮ ಅತ್ತಿ ಸೋಫಾ ಮ್ಯಾಲೆ ಕುಂತು ಕೊರಿಯಾದ ಸೋಲ್ ಶಹರ ನೋಡ್ತಾರ. ಇಷ್ಟು ಕಷ್ಟಪಟ್ಟು ಸಿಕ್ಕದ್ದನ್ನ ಚಂದಂಗ ಮಾಡ್ರಿ ಅಂತ ಕೇಳಾಕತ್ತೀನಿ ಅಷ್ಟ.

ಚಿತ್ರಕ್ಕ 4, ಕನ್ನಡ ಡಬ್ಬಿಂಗಿಗೆ 2, ಒಟ್ಟ 5ರಾಗ 3. ಒಂದ ಹುದ್ದಿ ಇದ್ದವರಿಗೆ ಒಂದ ನಮೂನಿ ಮರ್ಯಾದಿ ಇಡ್ರಿ, ಮೂಲ ಆಡಿಯೋಕ್ಕ ಕನ್ನಡ ಸಬ್‌ಟೈಟಲ್ ದೊಡ್ಡ ಅಕ್ಷರದಾಗ ಕೊಡ್ರಿ ಅಂತ ಎಪಿಸೋಡ್ ನಂಬರ್, ನಿಮಿಷ ಹಾಕಿ ಕಸ್ಟಮರ್ ಕೇರ್‌ಗೆ ಮೇಲ್ ಕಳಿಸೀನಿ. ಉತ್ತರ ಬಂದ್ರ ಇದರ ಕೆಳಗನ ಬರೀತೀನಿ.